ಹೃದಯದ ಕವಾಟವನ್ನು ಅಳೆಯುವ ಬಗೆ

ಕವಾಟವೆಂಬ ಸಂಸ್ಕೃತ ಶಬ್ದಕ್ಕೆ ಬಾಗಿಲಿನ ಕದವೆಂದು ಅರ್ಥ. ಇಂಗ್ಲಿಷ್ ಭಾಷೆಯ ವಾಲ್ವ್ ಎಂಬ ಮಾತು ಕೂಡ ಮಡಿಸುವ ಬಾಗಿಲಿನ ಕದವೆಂಬ ಅರ್ಥವುಳ್ಳ ಲ್ಯಾಟಿನ್ ಶಬ್ದದಿಂದಲೇ ಹುಟ್ಟಿದುದು. ಆದಕಾರಣ ನಮ್ಮ ಗ್ರಂಥಕಾರರು ವಾಲ್ವಿಗೆ ಕವಾಟವೆಂದು ಹೆಸರಿಟ್ಟುದು ಉಚಿತವಾಗಿಯೇ ಇದೆ.

ಗೃಹಸ್ಥರ ಮನೆಯಲ್ಲಿ ಕವಾಟಗಳಿಗೇನೂ ಕೊರತೆಯಿಲ್ಲ. ಬಚ್ಚಲುಮನೆಯ ನಲ್ಲಿ, ಅಡಿಗೆಯ ಅನಿಲದ ಸಿಲಿಂಡರಿನ ರೆಗ್ಯುಲೇಟರು, ಬೈಸಿಕಲ್ಲಿನ ಗಾಲಿಗೆ ಗಾಳಿ ತುಂಬುವ ವಾಲ್ವ್, ಇವೆಲ್ಲವೂ ಕವಾಟಗಳೇ. ಇವುಗಳ ಹೊರತಾಗಿ ಮನೆಯಲ್ಲಿರುವ ಪ್ರತಿಯೊಬ್ಬರ ಎದೆಯೊಳಗೂ ೪ ಕವಾಟಗಳಿವೆ. ಅವು ನಾವು ಹುಟ್ಟುವ ಮೊದಲೇ ಕೆಲಸಕ್ಕೆ ತೊಡಗಿ, ದಿನವೊಂದಕ್ಕೆ ಸುಮಾರು ಒಂದು ಲಕ್ಷ ಸಲ ತೆರೆದು ಮುಚ್ಚುತ್ತವೆ. ನಲ್ಲಿಯು ಕೆಟ್ಟರೆ ಬಿಚ್ಚಿ ನೋಡಬಹುದು. ಎದೆಯೊಳಗಿನ ಕದವು ಬಿಗಿದುಕೊಂಡಿತೆಂಬ ಸಂದೇಹ ಬಂದರೆ ಹಾಗೆ ಬಿಚ್ಚಿ ನೋಡುವಂತಿಲ್ಲ. ಹೀಗಿರಲಾಗಿ, ಅದು ಎಷ್ಟು ತೆರೆಯುತ್ತದೆಂಬುದನ್ನು ವೈದ್ಯರು ಹೇಗೆ ಬಲ್ಲರು? ಇದನ್ನು ವಾಚಕರಿಗೆ ತಿಳಿಯಪಡಿಸುವುದೇ ಈ ಲೇಖನದ ಉದ್ದೇಶ. ಇದು ಬರಿಯ ಕುತೂಹಲದ ವಿಷಯವಲ್ಲ. ಆಸ್ಪತ್ರೆಯಿಂದ ಬಂದ ಕಾಗದದಲ್ಲಿ ಒಂದು ಅಂಕಿಯನ್ನು ಓದಿ ಮತ್ತೊಂದನ್ನು ಬಿಟ್ಟರೆ ಪ್ರಾಣಕ್ಕೇ ಕುತ್ತು ಬರುವ ಸಂಭವವುಂಟು.

ತೂಬು ಕಲಿಸುವ ಪಾಠ

ಮೊದಲು ಕೆರೆಯ ತೂಬನ್ನು ನೋಡೋಣ. ನಮ್ಮ ಹಳ್ಳಿಗಳಲ್ಲಿ ತೂಬೆತ್ತಿ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಯು ಯಾವ ಶಾಲೆಯಲ್ಲಿಯೂ ಓದದೆ ಬಲ್ಲ ಸಂಗತಿಯೊಂದುಂಟು. ತೂಬಿನ ಕಂಡಿ ಇದ್ದಷ್ಟೇ ಇದ್ದರೂ, ಕೆರೆ ತುಂಬಿದಾಗ ನೀರು ರಭಸದಿಂದ ಹೊರಡುತ್ತದೆ. ಕೆರೆ ಇಳಿದಾಗ ಪ್ರವಾಹವು ಸಣ್ಣಗಾಗುತ್ತದೆ. ನೀರು ಇಳಿದಷ್ಟೇ ಪ್ರಮಾಣದಲ್ಲಿ ಸಣ್ಣಗಾಗುವುದೇ ಎಂದರೆ, ಹಾಗಲ್ಲ. ತೂಬಿನ ಮೇಲೆ ೪ ಮೊಳ ನೀರಿದ್ದುದು ಒಂದು ಮೊಳಕ್ಕೆ ಇಳಿದರೆ ಪ್ರವಾಹವು ಕಾಲುಭಾಗವಾಗುವುದಿಲ್ಲ, ಅರ್ಧವಾಗುತ್ತದೆ. ಅರ್ಥಾತ್, ಪ್ರವಾಹವು ಎತ್ತರದ ವರ್ಗಮೂಲವನ್ನು ಅನುಸರಿಸುತ್ತದೆ. ಈ ನಿಯಮವನ್ನು ಇಟಲಿಯ ಟೊರಿಚೆಲ್ಲಿ ಎಂಬ ವಿದ್ವಾಂಸನು ೧೬೪೪ ರಲ್ಲಿ ಪ್ರಕಟಿಸಿದನು. ಇದನ್ನೇ ತಿರುಗಿಸಿ ಹೇಳುವುದಾದರೆ, ಅದೇ ಕಂಡಿಯಿಂದ ಎರಡರಷ್ಟು ನೀರನ್ನು ಹೊರಡಿಸಬೇಕಾದರೆ ನಾಲ್ಕರಷ್ಟು ಒತ್ತಡ ಬೇಕು.

ಈಗ ಕೆಳಗದ್ದೆಯ ರೈತನೊಬ್ಬನು ಬಂದು, ‘ನೀರು ಸಾಲದು, ತೂಬಿಗೆ ಹೂಳು ಕಟ್ಟಿದೆ’ ಎಂದು ದೂರುತ್ತಾನೆಂದಿಟ್ಟುಕೊಳ್ಳೋಣ. ಕಾಲುವೆಯ ನೀರನ್ನು ಮಾತ್ರ ನೋಡಿ ಇದನ್ನು ತೀರ್ಮಾನಿಸಲಾಗದು. ಕೆರೆಯೇ ಇಳಿದಿದ್ದರೂ ನೀರು ಕಡಮೆಯಾಗುವುದಷ್ಟೆ. ಕೆರೆಯ ಮಟ್ಟವನ್ನು ಮಾತ್ರ ನೋಡಿಯೂ ತೀರ್ಮಾನಿಸಲಾಗದು. ಮಟ್ಟವನ್ನೂ ಪ್ರವಾಹವನ್ನೂ ಒಟ್ಟಿಗೆ ನೋಡಿದವನಿಗೆ ಮಾತ್ರ ಕಂಡಿಯ ನಿಜಸ್ಥಿತಿಯು ತಿಳಿಯುತ್ತದೆ. ಮುಂದೆ ನಾವು ಹೇಳತಕ್ಕುದಕ್ಕೆಲ್ಲ ಇದೇ ಬುನಾದಿ.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ತೊಟ್ಟಿಯಿಂದ ಬರುವ ಕೊಳಾಯಿಯಲ್ಲಿ ಕವಾಟವೊಂದಿದೆ. ಅದರ ಹಿಂದೊಂದು, ಮುಂದೊಂದು, ಗಾರೆಯವರು ಮಟ್ಟ ನೋಡಲು ಬಳಸುವಂತಹ ಪಾರದರ್ಶಕ ಕೊಳವೆಗಳನ್ನು ನೆಟ್ಟಗೆ ನಿಲ್ಲಿಸಿದೆವೆನ್ನಿ. ನೀರು ಹರಿಯುವಾಗ ಹಿಂದಿನ ಕೊಳವೆಯಲ್ಲಿ ನೀರು ಎತ್ತರವಾಗಿಯೂ ಮುಂದಿನದರಲ್ಲಿ ತಗ್ಗಾಗಿಯೂ ನಿಲ್ಲುತ್ತದೆ. ಈ ಅಂತರವೇ ಕವಾಟದಲ್ಲಿ ಆದ ಒತ್ತಡದ ಇಳಿತ. ಪ್ರವಾಹವನ್ನು ಅಳೆಯಲು ಒಂದು ಬಕೆಟ್ಟೂ ಒಂದು ಗಡಿಯಾರವೂ ಸಾಕು. ಅಂತರವು ಒಂದು ಗೇಣು ಇದ್ದಾಗ ೧೫ ಲೀಟರಿನ ಬಕೆಟ್ಟು ೩ ನಿಮಿಷಗಳಲ್ಲಿ ತುಂಬಿದರೆ, ಪ್ರವಾಹವು ನಿಮಿಷಕ್ಕೆ ೫ ಲೀಟರು. ಕವಾಟವನ್ನು ಮುಟ್ಟದೆ, ಅಂತರವು ೪ ಗೇಣು ಆಗುವಂತೆ ನೀರನ್ನು ಹೆಚ್ಚಿಸಿದರೆ ಅದೇ ಬಕೆಟ್ಟು ಒಂದೂವರೆ ನಿಮಿಷದಲ್ಲಿ ತುಂಬುತ್ತದೆ. ಎಂದರೆ ಪ್ರವಾಹವು ೧೦ ಲೀಟರು. ಪ್ರವಾಹವನ್ನು ಅಂತರದ ವರ್ಗಮೂಲದಿಂದ ಭಾಗಿಸಿದರೆ ಎರಡು ಸಲವೂ ೫ ಎಂಬ ಒಂದೇ ಲಬ್ಧವು ಬರುತ್ತದೆ. ನೀರು ಹೆಚ್ಚಲಿ, ತಗ್ಗಲಿ, ಕವಾಟದ ತೆರಪು ಬದಲಾಗದಿರುವವರೆಗೆ ಲಬ್ಧವೂ ಬದಲಾಗದು. ಅದು ೩ ಕ್ಕೆ ಇಳಿದರೆ ಒಳಗೆ ಏನೋ ಅಡ್ಡಿಯಾಗಿದೆಯೆಂದು ತಿಳಿಯತಕ್ಕದ್ದು.

ಕಾರ್ಖಾನೆಗಳ ಎಂಜಿನಿಯರುಗಳು ಮಾಡುವುದೂ ಇದನ್ನೇ. ಕವಾಟದ ಹಿಂದುಮುಂದಿನ ಒತ್ತಡದ ಅಂತರವು ಒಂದು ಬಾರ್, ಎಂದರೆ ಸುಮಾರು ೧೦ ಮೀಟರ್ ಎತ್ತರದ ನೀರಿನ ಭಾರದಷ್ಟು ಇರುವಾಗ, ಗಂಟೆಗೆ ಎಷ್ಟು ಘನಮೀಟರ್ ನೀರು ದಾಟುತ್ತದೆಂಬುದನ್ನು ಆ ಕವಾಟದ ಗುಣಾಂಕವೆಂದು ಅವರು ಬರೆದಿಡುತ್ತಾರೆ. ಅಳೆಯುವ ಸ್ಥಳಕ್ಕೂ ನಿಯಮವುಂಟು: ಕೊಳವೆಯ ವ್ಯಾಸದ ಎರಡರಷ್ಟು ಹಿಂದೆ, ಆರರಷ್ಟು ಮುಂದೆ. ಏಕೆಂದರೆ ಕಂಡಿಯನ್ನು ದಾಟಿದೊಡನೆ ನೀರಿನ ಧಾರೆಯು ತೀರ ಕಿರಿದಾಗಿ, ವೇಗವು ಅತ್ಯಧಿಕವಾಗಿ, ಒತ್ತಡವು ಅತ್ಯಲ್ಪವಾಗಿರುತ್ತದೆ. ಮುಂದೆ ಹೋದಂತೆ ಧಾರೆಯು ಹರಡಿ ನಿಧಾನವಾಗಿ, ಕಳೆದುಹೋದಂತೆ ಕಂಡ ಒತ್ತಡದಲ್ಲಿ ಸ್ವಲ್ಪ ಭಾಗವು ಮರಳಿ ಬರುತ್ತದೆ. ವೇಗವು ಹೆಚ್ಚಿದಲ್ಲಿ ಒತ್ತಡವು ತಗ್ಗುವುದೆಂಬ ಈ ತತ್ತ್ವವನ್ನು ೧೭೩೮ ರಲ್ಲಿ ತನ್ನ ಗ್ರಂಥದ ಮೂಲಕ ಲೋಕಕ್ಕೆ ತಿಳಿಸಿದವನು ಡೇನಿಯಲ್ ಬರ್ನೂಲಿ. ಅವನು ಗಣಿತಜ್ಞನಷ್ಟೇ ಅಲ್ಲದೆ ವೈದ್ಯಶಾಸ್ತ್ರವನ್ನೂ ಓದಿದ್ದವನೆಂಬುದು ಇಲ್ಲಿ ಗಮನಾರ್ಹವಾದ ಸಂಗತಿ.

ಎದೆಯೊಳಗಿನ ಕದ

ರಕ್ತದ ಒತ್ತಡವನ್ನು ಮೊದಲು ಅಳೆದವನು ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ. ಅವನು ಕುದುರೆಯೊಂದರ ಧಮನಿಗೆ ನಳಿಕೆಯನ್ನು ಸೇರಿಸಿ ಗಾಜಿನ ಕೊಳವೆಯನ್ನು ನಿಲ್ಲಿಸಲು, ರಕ್ತವು ೮ ಅಡಿ ೩ ಅಂಗುಲ ಮೇಲಕ್ಕೇರಿತು. ಇದನ್ನವನು ೧೭೩೩ ರಲ್ಲಿ ಪ್ರಕಟಿಸಿದನು. ಇಂದು ವೈದ್ಯರು ಪಾದರಸದ ಮಿಲಿಮೀಟರುಗಳಲ್ಲಿ ಲೆಕ್ಕ ಹೇಳುತ್ತಾರೆ. ೧೨೦ ಮಿಲಿಮೀಟರ್ ಪಾದರಸವೆಂದರೆ ಸುಮಾರು ೧೬೩ ಸೆಂಟಿಮೀಟರ್ ನೀರು. ನಮ್ಮ ಹೃದಯವು ಪ್ರತಿಯೊಂದು ಬಡಿತದಲ್ಲಿಯೂ ಆಳೆತ್ತರಕ್ಕೆ ನೀರನ್ನು ನಿಲ್ಲಿಸುವಷ್ಟು ಬಲವನ್ನು ತೋರುತ್ತದೆಂದಾಯಿತು.

ಹೃದಯದ ಎಡಗಡೆಯ ಹೃತ್ಕುಕ್ಷಿಯು ಶರೀರಕ್ಕೆಲ್ಲ ರಕ್ತವನ್ನು ನೂಕುವ ಪಂಪು. ಅದಕ್ಕೂ ಮಹಾಧಮನಿಗೂ ನಡುವೆ ೩ ದಳಗಳ ಕವಾಟವೊಂದಿದೆ. ಆರೋಗ್ಯವಂತರಲ್ಲಿ ಅದರ ತೆರಪು ೩ ರಿಂದ ೪ ಚದರ ಸೆಂಟಿಮೀಟರು. ನಿಮಿಷಕ್ಕೆ ಸುಮಾರು ೫ ಲೀಟರ್ ರಕ್ತವು ಅದನ್ನು ದಾಟಿದರೂ ಅತ್ತಿತ್ತಣ ಒತ್ತಡಗಳಲ್ಲಿ ಹೇಳತಕ್ಕಷ್ಟು ವ್ಯತ್ಯಾಸವಿರುವುದಿಲ್ಲ. ವಯಸ್ಸಾದಂತೆ ಕೆಲವರಲ್ಲಿ ದಳಗಳ ಮೇಲೆ ಸುಣ್ಣದ ಅಂಶವು ಕಟ್ಟಿಕೊಂಡು ಅವು ಗಡಸಾಗುತ್ತವೆ. ತೆರಪು ೧ ಚದರ ಸೆಂಟಿಮೀಟರಿಗೆ ಇಳಿಯಿತೆಂದರೆ ರೋಗವು ತೀವ್ರವಾಯಿತೆಂದು ಎಣಿಸುತ್ತಾರೆ.

ಇಲ್ಲಿ ಒಂದು ಸೂಕ್ಷ್ಮವುಂಟು. ತೋಳಿಗೆ ಪಟ್ಟಿ ಸುತ್ತಿ ನೋಡುವ ರಕ್ತದೊತ್ತಡವು ಕವಾಟದ ಆಚೆಯ ಒತ್ತಡ ಮಾತ್ರ. ಬಿಗಿದ ಕದವನ್ನು ದಾಟಿಸುವುದಕ್ಕಾಗಿ ಹೃತ್ಕುಕ್ಷಿಯು ಒಳಗೆ ೨೦೦ ಮಿಲಿಮೀಟರ್ ಒತ್ತಡದಿಂದ ಹೆಣಗುತ್ತಿರಬಹುದು. ತೋಳಿನಲ್ಲಿ ೧೨೦ ಮಾತ್ರವೇ ಕಾಣುತ್ತಿರಬಹುದು. ‘ಬಿ. ಪಿ. ಸರಿಯಾಗಿದೆ’ ಎಂಬ ಮಾತಿನಿಂದ ಕವಾಟವೂ ಸರಿಯಾಗಿದೆಯೆಂದು ತಿಳಿಯತಕ್ಕದ್ದಲ್ಲ.

ಹಾಗಾದರೆ ಒಳಗಿನ ಒತ್ತಡವನ್ನು ಅಳೆಯುವುದೆಂತು? ೧೯೨೯ ರಲ್ಲಿ ಜರ್ಮನಿಯ ತರುಣ ವೈದ್ಯನಾದ ವರ್ನರ್ ಫೋರ್ಸ್‌ಮನ್ನನು ತನ್ನ ತೋಳಿನ ರಕ್ತನಾಳದಲ್ಲಿ ತಾನೇ ನಳಿಕೆಯೊಂದನ್ನು ತೂರಿಸಿ, ಅದು ಹೃದಯವನ್ನು ಮುಟ್ಟಿದುದನ್ನು ಎಕ್ಸ್-ರೇ ಚಿತ್ರದಿಂದ ತೋರಿಸಿಕೊಟ್ಟನು. ಈ ಮಾರ್ಗವನ್ನು ಬೆಳೆಸಿದ ಕೂರ್ನಾಂಡ್, ರಿಚರ್ಡ್ಸ್ ಎಂಬವರೊಡನೆ ಅವನಿಗೆ ೧೯೫೬ ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ೧೯೫೧ ರಲ್ಲಿ ಅಮೆರಿಕದ ರಿಚರ್ಡ್ ಗಾರ್ಲಿನ್ ಎಂಬ ವೈದ್ಯನು ಎಂಜಿನಿಯರನಾದ ತನ್ನ ತಂದೆಯೊಡನೆ ಕೂಡಿ, ನೀರಿನ ಕವಾಟದ ಲೆಕ್ಕವನ್ನು ಹೃದಯದ ಕವಾಟಕ್ಕೆ ಅನ್ವಯಿಸುವ ಸೂತ್ರವನ್ನು ಪ್ರಕಟಿಸಿದನು. ತಂದೆಯ ವಿದ್ಯೆಯೂ ಮಗನ ವಿದ್ಯೆಯೂ ಒಂದೇ ಸೂತ್ರದಲ್ಲಿ ಸೇರಿದ ಇಂತಹ ಪ್ರಸಂಗವು ಅಪೂರ್ವವಾದುದು. ೧೯೮೧ ರಲ್ಲಿ ಹಕ್ಕಿ ಎಂಬ ವೈದ್ಯರೂ ಅವರ ಸಂಗಡಿಗರೂ ಇದನ್ನು ಇನ್ನೂ ಸುಲಭಗೊಳಿಸಿದರು: ನಿಮಿಷಕ್ಕೆ ಹರಿಯುವ ರಕ್ತದ ಲೀಟರುಗಳನ್ನು ಒತ್ತಡದ ಅಂತರದ ವರ್ಗಮೂಲದಿಂದ ಭಾಗಿಸಿದರೆ, ಸುಮಾರಾಗಿ ತೆರಪಿನ ಚದರ ಸೆಂಟಿಮೀಟರುಗಳು ದೊರೆಯುತ್ತವೆ. ಬಕೆಟ್ಟಿನ ಲೆಕ್ಕದ ಲಬ್ಧವೇ ಇಲ್ಲಿ ಮತ್ತೆ ಬಂದಿರುವುದನ್ನು ವಾಚಕರು ಗಮನಿಸಬೇಕು.

ಧ್ವನಿಯಿಂದ ಅಳೆಯುವುದು

ನಳಿಕೆಯನ್ನು ತೂರಿಸದೆಯೇ ಅಳೆಯುವ ಉಪಾಯವು ಅನಂತರ ಬಂದಿತು. ಸಿಳ್ಳು ಹಾಕುತ್ತ ಬರುವ ರೈಲು ನಮ್ಮೆಡೆಗೆ ಬರುವಾಗ ಸ್ವರವು ಏರಿಯೂ, ದಾಟಿಹೋದ ಮೇಲೆ ಇಳಿದೂ ಕೇಳಿಸುವುದನ್ನು ಎಲ್ಲರೂ ಬಲ್ಲರು. ೧೮೪೨ ರಲ್ಲಿ ಪ್ರಾಗ್ ನಗರದಲ್ಲಿ ಕ್ರಿಶ್ಚಿಯನ್ ಡಾಪ್ಲರನು ವಿವರಿಸಿದ ತತ್ತ್ವವಿದು. ಕಿವಿಗೆ ಕೇಳಿಸದಷ್ಟು ಉಚ್ಚವಾದ ಧ್ವನಿಯನ್ನು ಎದೆಯೊಳಗೆ ಕಳುಹಿಸಿದರೆ, ಓಡುತ್ತಿರುವ ರಕ್ತಕಣಗಳಿಗೆ ತಾಗಿ ಮರಳುವ ಧ್ವನಿಯ ಏರಿಳಿತದಿಂದ ರಕ್ತದ ವೇಗವು ತಿಳಿಯುತ್ತದೆ. ವೇಗವು ತಿಳಿದರೆ ಬರ್ನೂಲಿಯ ತತ್ತ್ವದಂತೆ ಒತ್ತಡದ ಅಂತರವೂ ತಿಳಿದಂತೆಯೇ. ನಾರ್ವೆ ದೇಶದಲ್ಲಿ ೧೯೭೬ ರಲ್ಲಿ ಹೋಲೆನ್ ಮತ್ತು ಸಂಗಡಿಗರೂ, ೧೯೭೮ ರಲ್ಲಿ ಲಿವ್ ಹಾಟ್ಲೆ ಎಂಬ ವೈದ್ಯೆಯೂ ಎಂಜಿನಿಯರಾದ ಆಂಗೆಲ್ಸೆನ್ ಮೊದಲಾದವರೂ ಇದನ್ನು ಹೃದಯದ ಕವಾಟದ ಮೇಲೆ ಸಾಧಿಸಿ ತೋರಿಸಿದರು.

ಲೆಕ್ಕವು ಪ್ರಾಥಮಿಕ ಶಾಲೆಯ ಮಕ್ಕಳಿಗೂ ಬರುವಂತಹುದು. ಸೆಕೆಂಡಿಗೆ ಎಷ್ಟು ಮೀಟರ್ ವೇಗವೋ ಅದರ ವರ್ಗವನ್ನು ೪ ರಿಂದ ಗುಣಿಸಿದರೆ ಒತ್ತಡದ ಅಂತರವು ಪಾದರಸದ ಮಿಲಿಮೀಟರುಗಳಲ್ಲಿ ಸಿಕ್ಕುತ್ತದೆ. ವೇಗವು ೧ ಆದರೆ ಅಂತರ ೪. ವೇಗವು ೪ ಆದರೆ ಅಂತರ ೬೪. ಇದು ಬಡಿತದಲ್ಲಿನ ಪರಮಾವಧಿಯ ಅಂತರ. ಬಡಿತದುದ್ದಕ್ಕೂ ತೆಗೆದ ಸರಾಸರಿಯು ಇದಕ್ಕಿಂತ ಕಡಮೆಯಾಗಿರುತ್ತದೆ. ಮಹಾಧಮನಿಯ ಕವಾಟದಲ್ಲಿ ವೇಗವು ೪ ಮೀಟರನ್ನೂ ಸರಾಸರಿ ಅಂತರವು ೪೦ ಮಿಲಿಮೀಟರನ್ನೂ ಮುಟ್ಟಿದರೆ ರೋಗವು ತೀವ್ರವೆಂದು ವೈದ್ಯರ ನಿಶ್ಚಯ.

ಅಳೆಯುವವನ ಕೈಚಳಕವೂ ಇಲ್ಲಿ ಮುಖ್ಯ. ಧ್ವನಿಯ ಕಿರಣವು ರಕ್ತದ ಧಾರೆಗೆ ನೇರವಾಗಿರಬೇಕು. ೬೦ ಅಂಶಗಳಷ್ಟು ಓರೆಯಾದರೆ ವೇಗವು ಅರ್ಧವಾಗಿ ಕಾಣುತ್ತದೆ, ಅಂತರವು ಕಾಲುಭಾಗಕ್ಕೆ ಇಳಿಯುತ್ತದೆ. ೬೪ ಇರಬೇಕಾದಲ್ಲಿ ೧೬ ಬರುತ್ತದೆ. ಆದುದರಿಂದಲೇ ನುರಿತವರು ರೋಗಿಯನ್ನು ಎಡಕ್ಕೂ ಬಲಕ್ಕೂ ಮಗ್ಗುಲಾಗಿಸಿ, ಎದೆಯ ಹಲವು ಕಡೆಗಳಿಂದಲೂ ಕೊರಳ ಬುಡದಿಂದಲೂ ನೋಡುತ್ತಾರೆ. ಪರೀಕ್ಷೆಗೆ ಹೊತ್ತು ಹಿಡಿಯಿತೆಂದು ಮನೆಯವರು ಬೇಸರಪಡಬಾರದು. ಎಕೋ ಪರೀಕ್ಷೆಯ ಅಂಕಿಯೂ ನಳಿಕೆಯ ಅಂಕಿಯೂ ಸ್ವಲ್ಪ ಬೇರೆಯಾದರೆ ಗಾಬರಿಯಾಗಲೂ ಬಾರದು. ಒಂದು ಧಾರೆಯ ಕಿರಿದಾದ ಕೊರಳಲ್ಲಿ ಅಳೆದುದು, ಮತ್ತೊಂದು ಒತ್ತಡವು ಸ್ವಲ್ಪ ಮರಳಿದ ಮೇಲೆ ಅಳೆದುದು.

ಸಣ್ಣ ಅಂಕಿಯ ಅಪಾಯ

ನಮ್ಮೊಡನೆ ಉಪಾಧ್ಯಾಯರಾಗಿದ್ದ ಮಿತ್ರರೊಬ್ಬರಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದ್ದಿತು. ಪರೀಕ್ಷೆಯ ಕಾಗದವು ಬಂದಾಗ ನಾವೂ ಅವರ ಮನೆಯಲ್ಲಿದ್ದೆವು. ಸರಾಸರಿ ಅಂತರವು ೨೫ ಎಂದಿದ್ದಿತು. ೪೦ ಆದರಲ್ಲವೇ ಭಯವೆಂದು ಮನೆಯವರೆಲ್ಲ ಸಮಾಧಾನಪಟ್ಟರು. ಅವರ ಸೊಸೆಯು ಕಾಗದವನ್ನು ಕೊನೆಯವರೆಗೆ ಓದಿ, ‘ಮಾವ, ಇಲ್ಲಿ ತೆರಪು ೦.೬ ಎಂದಿದೆ. ಒಂದಕ್ಕಿಂತ ಕಡಮೆಯಾದರೆ ಕೆಟ್ಟದ್ದೆಂದು ಡಾಕ್ಟರು ಹೇಳಿದ್ದರಲ್ಲ? ಒಂದೇ ಕಾಗದ ಎರಡು ಮಾತು ಹೇಳುತ್ತಿದೆ’ ಎಂದಳು. ಮಿತ್ರರು ಕನ್ನಡಕವನ್ನು ತೆಗೆದು ಒರಸಿಕೊಂಡು ಕಾಗದವನ್ನು ಮತ್ತೆ ಓದತೊಡಗಿದರು.

ವೈದ್ಯರು ಆ ತೊಡಕನ್ನು ಹೀಗೆ ಬಿಡಿಸಿದರು. ಹೃದಯವು ಬಲವಾಗಿದ್ದು ನಿಮಿಷಕ್ಕೆ ೪.೨ ಲೀಟರ್ ರಕ್ತವನ್ನು ನೂಕುತ್ತಿದ್ದಿದ್ದರೆ, ಇದೇ ಕವಾಟದಲ್ಲಿ ಅಂತರವು ೪೯ ಆಗುತ್ತಿದ್ದಿತು. ೪೯ ರ ವರ್ಗಮೂಲ ೭, ಲಬ್ಧ ೦.೬. ಈಗ ಹೃದಯವು ಬಳಲಿ ೩ ಲೀಟರನ್ನು ಮಾತ್ರ ನೂಕುತ್ತಿದೆ. ಆದಕಾರಣ ಅಂತರವು ೨೫ ಕ್ಕೆ ಇಳಿದಿದೆ. ೨೫ ರ ವರ್ಗಮೂಲ ೫, ಲಬ್ಧ ಮತ್ತೆ ೦.೬. ಅಂಕಿಯು ಸಣ್ಣದಾದುದು ಕವಾಟವು ಸುಧಾರಿಸಿದುದರಿಂದಲ್ಲ, ಪಂಪು ಸೋತುದರಿಂದ. ಕೆರೆಯು ಇಳಿದ ಮೇಲೆ ತೂಬಿನಲ್ಲಿ ರಭಸವೆಲ್ಲಿಂದ ಬಂದೀತು? ರೋಗವು ಹೆಚ್ಚಿದಂತೆಲ್ಲ ಅಂಕಿಯು ಕಡಮೆಯಾಗುವ ಈ ಸ್ಥಿತಿಯೇ ಮನೆಯವರನ್ನು ಮೋಸಗೊಳಿಸತಕ್ಕುದು.

ಆದರೂ ಸಂದೇಹವೊಂದು ಉಳಿಯಿತು. ತೂಬಿನ ಕಂಡಿಯು ಕಲ್ಲಿನದು, ಅದರ ಅಳತೆ ಸ್ಥಿರ. ಹೃದಯದ ಕವಾಟವಾದರೋ ನಿಜವಾದ ಕದ. ರಕ್ತವು ನೂಕಿದರೆ ತಾನೆ ಅದು ತೆರೆಯುವುದು! ನೂಕುವ ಬಲವೇ ಸಾಲದೆ ಅರೆತೆರೆದು ನಿಂತಿರಲೂಬಹುದು. ಇದನ್ನು ನಿರ್ಣಯಿಸುವುದಕ್ಕಾಗಿ ಡೊಬ್ಯುಟಮೀನ್ ಎಂಬ ಔಷಧವನ್ನು ರಕ್ತನಾಳದ ಮೂಲಕ ಸ್ವಲ್ಪ ಸ್ವಲ್ಪವಾಗಿ ಕೊಟ್ಟು ಹೃದಯದ ಬಲವನ್ನು ಸ್ವಲ್ಪ ಹೊತ್ತು ಹೆಚ್ಚಿಸಿ ಮತ್ತೆ ಅಳೆಯುತ್ತಾರೆ. ಪ್ರವಾಹವು ಹೆಚ್ಚಿದಾಗ ತೆರಪೂ ೧ ನ್ನು ಮೀರಿ ಅಗಲವಾದರೆ, ಕದವು ಅಷ್ಟೇನೂ ಕೆಟ್ಟಿಲ್ಲ, ದೋಷವು ಮುಖ್ಯವಾಗಿ ಪಂಪಿನದು. ತೆರಪು ಇದ್ದಷ್ಟೇ ಇದ್ದು ಅಂತರವು ಏರಿದರೆ ಕದವು ನಿಶ್ಚಯವಾಗಿ ಬಿಗಿದಿದೆ. ನಮ್ಮ ಮಿತ್ರರಲ್ಲಿ ಪ್ರವಾಹವು ೪.೨ ಕ್ಕೂ ಅಂತರವು ೪೯ ಕ್ಕೂ ಏರಿದುವು, ತೆರಪು ೦.೬ ರಲ್ಲಿಯೇ ನಿಂತಿತು. ಕವಾಟವನ್ನು ಬದಲಿಸಲಾಯಿತು. ಈಗ ಅವರು ಸಂಜೆಯ ಹೊತ್ತು ವಾಚನಾಲಯಕ್ಕೆ ನಡೆದೇ ಬರುತ್ತಾರೆ.

ಈ ರೋಗದಲ್ಲಿ ಕಾಲಹರಣವು ಸಲ್ಲದು. ಶ್ರಮಪಟ್ಟಾಗ ಎದೆನೋವು, ತಲೆ ಸುತ್ತಿ ಬೀಳುವುದು, ಏದುಸಿರು, ಇವು ಮೂರೂ ಎಚ್ಚರಿಕೆಯ ಲಕ್ಷಣಗಳು. ಇವು ತೋರಿದ ಬಳಿಕ ಕವಾಟವನ್ನು ಬದಲಿಸದೆ ಬಿಟ್ಟರೆ ರೋಗಿಯ ಆಯುಸ್ಸು ಸರಾಸರಿ ೨ ರಿಂದ ೫ ವರ್ಷಗಳೆಂದು ರಾಸ್, ಬ್ರೌನ್ವಾಲ್ಡ್ ಎಂಬ ವೈದ್ಯರು ೧೯೬೮ ರಲ್ಲಿ ಬರೆದರು. ಈಗ ಎದೆಯನ್ನು ತೆರೆದು ಮಾಡುವ ಶಸ್ತ್ರಚಿಕಿತ್ಸೆಯಲ್ಲದೆ, ೨೦೦೨ ರಲ್ಲಿ ಫ್ರಾನ್ಸಿನ ಆಲೆನ್ ಕ್ರಿಬಿಯೆ ಮೊದಲು ಮಾಡಿ ತೋರಿಸಿದಂತೆ, ರಕ್ತನಾಳದ ದಾರಿಯಿಂದಲೇ ಕವಾಟವನ್ನು ಸೇರಿಸುವ ಕ್ರಮವೂ ಉಂಟು. ನಮ್ಮ ದೇಶದವರೂ ಈ ವಿಷಯದಲ್ಲಿ ಹಿಂದುಳಿದಿಲ್ಲ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ನಿರ್ಮಾಣವಾದ ಕೃತಕ ಕವಾಟವು ೧೯೯೦ ರಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಿಗೆ ಅಳವಡಿಸಲ್ಪಟ್ಟಿತು.

ತಾಯಂದಿರಿಗೆ ಒಂದು ಮಾತು

ಹೃದಯದ ಎಡಗಡೆಯಲ್ಲಿಯೇ ಮೈಟ್ರಲ್ ಎಂಬ ಮತ್ತೊಂದು ಕವಾಟವಿದೆ. ನಮ್ಮ ದೇಶದಲ್ಲಿ ಅದನ್ನು ಕೆಡಿಸುವ ಮುಖ್ಯ ಶತ್ರುವೆಂದರೆ ರುಮ್ಯಾಟಿಕ್ ಜ್ವರ. ಮಕ್ಕಳಿಗೆ ಒಂದು ಬಗೆಯ ಕ್ರಿಮಿಯಿಂದ ಗಂಟಲು ಬೇನೆಯಾಗಿ, ಕೆಲವು ವಾರಗಳ ಮೇಲೆ ಕೀಲುಗಳು ಊದಿ ಜ್ವರವು ಬರುತ್ತದೆ. ಕೀಲು ವಾಸಿಯಾಗುತ್ತದೆ, ಕವಾಟದಲ್ಲಿ ಗಾಯವು ಉಳಿಯುತ್ತದೆ. ೪ ರಿಂದ ೬ ಚದರ ಸೆಂಟಿಮೀಟರಿನ ತೆರಪು ವರ್ಷಗಳು ಕಳೆದಂತೆ ಒಂದೂವರೆಗಿಂತಲೂ ಕಿರಿದಾಗಬಹುದು. ಹುಡುಗಿಯು ಬೆಳೆದು ಮದುವೆಯಾಗಿ ಗರ್ಭಿಣಿಯಾಗುವವರೆಗೂ ಏನೂ ತೋರದೆ ಇರುವುದುಂಟು. ಗರ್ಭಕಾಲದಲ್ಲಿ ರಕ್ತದ ಪ್ರವಾಹವು ನೂರಕ್ಕೆ ೩೦ ರಿಂದ ೫೦ ರಷ್ಟು ಹೆಚ್ಚುತ್ತದೆ. ಪ್ರವಾಹವು ಒಂದೂವರೆಯಷ್ಟಾದರೆ ಅದೇ ತೆರಪಿನಲ್ಲಿ ಅಂತರವು ಎರಡೂಕಾಲರಷ್ಟಾಗಬೇಕು. ಆ ಒತ್ತಡವು ಹಿಂದಕ್ಕೆ ಶ್ವಾಸಕೋಶಕ್ಕೆ ಏರಿ, ಬಸುರಿ ಹೆಂಗಸು ರಾತ್ರಿ ಮಲಗಲಾರದೆ ಎದ್ದು ಕುಳಿತುಕೊಳ್ಳುತ್ತಾಳೆ. ‘ಬಸುರಿನಲ್ಲಿ ಇದೆಲ್ಲ ಇದ್ದದ್ದೇ’ ಎಂದು ಹಿರಿಯರು ಸುಮ್ಮನಿರದೆ ವೈದ್ಯರಿಗೆ ತೋರಿಸಬೇಕು. ಜಪಾನಿನ ಕಾಂಜಿ ಇನೌಯೆ ಎಂಬವರು ೧೯೮೪ ರಲ್ಲಿ ಪ್ರಕಟಿಸಿದ ಬಲೂನಿನ ಕ್ರಮದಿಂದ, ತಕ್ಕವರಲ್ಲಿ ಎದೆಯನ್ನು ತೆರೆಯದೆಯೇ ಈ ಕವಾಟವನ್ನು ಅಗಲಗೊಳಿಸಬಹುದಾಗಿದೆ. ಬಲೂನಿಗೆ ಮೊದಲೂ ಆಮೇಲೂ ಒತ್ತಡದ ಅಂತರವನ್ನು ಅಳೆದೇ ಕೆಲಸವು ಫಲಿಸಿತೇ ಎಂಬುದನ್ನು ತಿಳಿಯುತ್ತಾರೆ. ಮಕ್ಕಳ ಗಂಟಲು ಬೇನೆಯನ್ನು ಅಲಕ್ಷಿಸದಿರುವುದೂ, ಒಮ್ಮೆ ಈ ಜ್ವರವು ಬಂದವರಿಗೆ ವೈದ್ಯರು ಹೇಳಿದ ಪೆನಿಸಿಲಿನ್ ಚುಚ್ಚುಮದ್ದನ್ನು ತಪ್ಪಿಸದಿರುವುದೂ ತಾಯಂದಿರ ಕೈಯಲ್ಲಿದೆ.

ಮನೆಯಲ್ಲಿ ಯಾರಿಗಾದರೂ ಕವಾಟದ ಪರೀಕ್ಷೆಯಾದರೆ ೩ ಅಂಕಿಗಳನ್ನು ಕೇಳಿ ಬರೆದಿಟ್ಟುಕೊಳ್ಳಬೇಕು: ಒತ್ತಡದ ಅಂತರ, ತೆರಪಿನ ಅಳತೆ, ಹೃದಯದ ನೂಕುವ ಬಲ. ಹಳೆಯ ಕಾಗದಗಳನ್ನು ಎಸೆಯದೆ ತಾರೀಖಿನ ಕ್ರಮದಲ್ಲಿ ಜೋಡಿಸಿಟ್ಟು, ಪ್ರತಿಯೊಂದು ಸಲವೂ ವೈದ್ಯರ ಬಳಿಗೆ ಕೊಂಡೊಯ್ಯಬೇಕು. ಹಿಂದಿನ ವರ್ಷ ೪೫ ಇದ್ದ ಅಂತರವು ಈ ವರ್ಷ ೩೦ ಕ್ಕೆ ಇಳಿದಿದ್ದರೆ ಹರ್ಷಪಡುವುದಕ್ಕೆ ಮೊದಲು, ‘ಹೃದಯದ ಬಲ ಎಷ್ಟಿದೆ?’ ಎಂದು ಒಂದು ಮಾತು ಕೇಳಿದರೆ ಸಾಕು. ಮಿಕ್ಕುದನ್ನು ವೈದ್ಯರು ನೋಡಿಕೊಳ್ಳುತ್ತಾರೆ.